ಮನೆಯಲ್ಲೇ ಕ್ರಿಸ್ಮಸ್ ಸ್ಟಾಕಿಂಗ್ ಹೊಲಿಯುತ್ತಿದ್ದೇನೆ, ಮೇಲಿನ ಪಟ್ಟಿ ಉಲ್ಟಾ ಬರುತ್ತಿದೆ, ಸಹಾಯ ಮಾಡಿ

ಸುಂಟಿಕೊಪ್ಪದ ಸೂಜಿ • ಡಿಸೆಂಬರ್ 4, ರಾತ್ರಿ 9.10

ಎಲ್ಲರಿಗೂ ನಮಸ್ಕಾರ. ನಮ್ಮ ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ 24 ಮಕ್ಕಳಿದ್ದಾರೆ. ಈ ಸಲ ಕ್ರಿಸ್ಮಸ್‌ಗೆ ಒಬ್ಬೊಬ್ಬರಿಗೂ ಒಂದೊಂದು ಸ್ಟಾಕಿಂಗ್, ಅಂದರೆ ಕಾಲುಚೀಲದ ಆಕಾರದ ಉಡುಗೊರೆ ಚೀಲ, ಹೊಲಿದು, ಒಳಗೆ ತಿಂಡಿ, ಪೆನ್ಸಿಲ್, ರಬ್ಬರ್ ಹಾಕಿ ಕೊಡಬೇಕು ಅಂತ ತುಂಬಾ ಆಸೆ. ಅತ್ತೆಯ ಹಳೆ ಪೆಡಲ್ ಮಷಿನ್ ಇದೆ. ನನಗೆ ದಿಂಬಿನ ಕವರ್, ಲಂಗ ಇಷ್ಟು ಮಾತ್ರ ಹೊಲಿಯಲು ಬರುತ್ತದೆ.

ನಿನ್ನೆ ಕೆಂಪು ಕಾಟನ್‌ನಲ್ಲಿ ಒಂದು ಹೊಲಿದು ನೋಡಿದೆ. ಬಿಳಿ ಪಟ್ಟಿಯನ್ನು ಹೊರಕ್ಕೆ ಮಡಚಿದರೆ ಅದರ ಉಲ್ಟಾ ಭಾಗ ಹೊರಗೆ ಬರುತ್ತದೆ. ಪಾದ ತಿರುಗುವ ಕಡೆ ಬಟ್ಟೆ ಸುಕ್ಕು ಸುಕ್ಕು. ಇಸ್ತ್ರಿ ಮಾಡಿದರೂ ಹೋಗಲಿಲ್ಲ. ಮತ್ತೆ 24ಕ್ಕೆ ಎಷ್ಟು ಬಟ್ಟೆ ಬೇಕು ಅಂತಲೂ ಗೊತ್ತಾಗುತ್ತಿಲ್ಲ. ಹೊಲಿಗೆ ಗೊತ್ತಿರುವವರು ದಯವಿಟ್ಟು ಹೇಳಿ.

ಏಲಕ್ಕಿ • 9.22

ಪಟ್ಟಿ ಹೊರಗಡೆ ಇಟ್ಟು ಹೊಲಿದಿರಾ, ಒಳಗಡೆ ಇಟ್ಟಾ?

ಸುಂಟಿಕೊಪ್ಪದ ಸೂಜಿ • 9.25

ಹೊರಗಡೆ. ಸೀದಾಕ್ಕೆ ಸೀದಾ ಸೇರಿಸಿ ಹೊಲಿದೆ. ಎಲ್ಲಾ ಹೊಲಿಗೆಯೂ ಹಾಗೇ ಅಲ್ವಾ?

ಪೇಟೆಬೀದಿ ಟೈಲರ್ • 9.58

ಅಲ್ಲೇ ತಪ್ಪಾಗಿರುವುದು ಅಕ್ಕ. ಹೊರಕ್ಕೆ ಮಡಚುವ ಪಟ್ಟಿಯನ್ನು ಒಳಗಡೆ ಇಟ್ಟೇ ಹೊಲಿಯಬೇಕು. ನಾನು 30 ವರ್ಷದಿಂದ ಮಷಿನ್ ತುಳಿಯುತ್ತಿದ್ದೇನೆ, ಹೊಸದಾಗಿ ಕಲಿಯಲು ಬರುವ ಹುಡುಗಿಯರೆಲ್ಲ ಮೊದಲು ಇಲ್ಲೇ ಎಡವುತ್ತಾರೆ.

ಹೀಗೆ ಮಾಡಿ. ಮೊದಲು ಸ್ಟಾಕಿಂಗ್ ಹೊಲಿದು ಸೀದಾಕ್ಕೆ ತಿರುಗಿಸಿಕೊಳ್ಳಿ. ಬಾಯಿಯ ಸುತ್ತಳತೆ 11 ಇಂಚು ಇದ್ದರೆ ಬಿಳಿ ಬಟ್ಟೆ 12 ಇಂಚು ಉದ್ದ, 7 ಇಂಚು ಅಗಲ ಕತ್ತರಿಸಿ. ಎರಡು ತುದಿ ಸೇರಿಸಿ ಹೊಲಿದರೆ ಬಳೆಯ ಹಾಗೆ ಆಗುತ್ತದೆ. ಆ ಬಳೆಯನ್ನು ಉಲ್ಟಾ ಭಾಗ ಒಳಗೆ ಬರುವಂತೆ ಅರ್ಧಕ್ಕೆ ಮಡಚಿ. ಈಗ ಒಳಗೂ ಸೀದಾ, ಹೊರಗೂ ಸೀದಾ, ಯಾವ ಕಡೆ ತಿರುಗಿದರೂ ತೊಂದರೆ ಇಲ್ಲ. ಅದನ್ನು ಸ್ಟಾಕಿಂಗ್ ಬಾಯಿಯ ಒಳಗೆ ಇಳಿಸಿ, ಕತ್ತರಿಸಿದ ಅಂಚುಗಳನ್ನೆಲ್ಲ ಮೇಲೆ ಸಮ ಮಾಡಿ, ಗುಂಡುಸೂಜಿ ಚುಚ್ಚಿ, ಸುತ್ತ ಅರ್ಧ ಇಂಚು ಬಿಟ್ಟು ಹೊಲಿಯಿರಿ. ಆಮೇಲೆ ಪಟ್ಟಿಯನ್ನು ಮೇಲಕ್ಕೆ ಎಳೆದು ಹೊರಕ್ಕೆ ಮಡಚಿ. ಹೊಲಿಗೆಯ ಅಂಚು ಪಟ್ಟಿಯ ಅಡಿಯಲ್ಲಿ ಮುಚ್ಚಿಹೋಗುತ್ತದೆ.

ಸುಕ್ಕಿನ ವಿಷಯ. ಪಾದದ ಮೇಲ್ಗಡೆ ಒಳಕ್ಕೆ ಬಾಗುವ ತಿರುವಿನಲ್ಲಿ ನಾಲ್ಕೈದು ಕಡೆ ಕತ್ತರಿಯಿಂದ ಕಟ್ಸ್ ಕೊಡಿ. ಹೊಲಿಗೆಗೆ ತಾಗಬಾರದು, ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಭಾಗ, ದೂರ ನಿಲ್ಲಿಸಿ. ಬೆರಳು ಮತ್ತು ಹಿಮ್ಮಡಿ ಕಡೆ ಹೊರಕ್ಕೆ ಬಾಗಿದೆ, ಅಲ್ಲಿ ಬರೀ ಗೀರು ಸಾಲದು, ಚಿಕ್ಕ ಚಿಕ್ಕ ತ್ರಿಕೋನ ತೆಗೆಯಬೇಕು. ಒಳ ತಿರುವಿನಲ್ಲಿ ಬಟ್ಟೆಗೆ ಬಿಚ್ಚಿಕೊಳ್ಳಲು ಜಾಗ ಬೇಕು, ಹೊರ ತಿರುವಿನಲ್ಲಿ ಹೆಚ್ಚಾದ ಬಟ್ಟೆ ಹೋಗಬೇಕು. ಇಷ್ಟೇ ಲೆಕ್ಕ.

ಸುಂಟಿಕೊಪ್ಪದ ಸೂಜಿ • 10.05

ಅಯ್ಯೋ, ನಾನು ಕಟ್ಸ್ ಕೊಡಲೇ ಇಲ್ಲ! ನಾಳೆ ಬೆಳಗ್ಗೆ ಮೊದಲ ಕೆಲಸ ಅದೇ. ತುಂಬಾ ಥ್ಯಾಂಕ್ಸ್ ಅಣ್ಣ.

ಗೋಣಿಕೊಪ್ಪ 77 • 10.31

ಕಾಫಿ ಕೊಯ್ಲು ಶುರುವಾಗಿದೆ. ಆಳು ಸಿಗುತ್ತಿಲ್ಲ, ಕಣದಲ್ಲಿ ಅರೇಬಿಕಾ ಒಣಗಿಸಬೇಕು, ಮೋಡ ಬಂದರೆ ಓಡಿ ಮುಚ್ಚಬೇಕು. ಇಂಥ ಟೈಮಲ್ಲಿ 24 ಸ್ಟಾಕಿಂಗ್ ಹೊಲಿಯುವುದು ಯಾಕೆ? ರೆಡಿಮೇಡ್ ತರಿಸಿದರೆ ಮೂರು ದಿನದಲ್ಲಿ ಮನೆಗೆ ಬರುತ್ತದೆ. ಉಳಿದ ಸಮಯದಲ್ಲಿ ಮಕ್ಕಳಿಗೆ ಒಳ್ಳೆ ತಿಂಡಿ ಮಾಡಿಕೊಡಬಹುದು.

ಹಾರಂಗಿ ಹುಡುಗಿ • 10.40

ಹೋದ ವರ್ಷ ನಾನು ತರಿಸಿದ್ದೆ. ಫೋಟೋದಲ್ಲಿ ದೊಡ್ಡದಾಗಿ ಕಾಣುತ್ತಿತ್ತು, ಕೈಗೆ ಬಂದಾಗ ಅಂಗೈ ಅಗಲ. ಬಟ್ಟೆ ಎಷ್ಟು ತೆಳು ಅಂದರೆ ಒಂದು ಕಿತ್ತಳೆ ಹಾಕಿದ ಕೂಡಲೇ ಅಂಟಿಸಿದ ಅಂಚು ಬಿಟ್ಟಿತು. ಹೊಲಿಗೆಯೇ ಇರಲಿಲ್ಲ, ಬರೀ ಗಮ್. ಮಕ್ಕಳ ಮುಂದೆಯೇ ಹಣ್ಣು ನೆಲಕ್ಕೆ ಬಿತ್ತು, ಬಹಳ ಬೇಜಾರಾಯಿತು.

ಗೋಣಿಕೊಪ್ಪ 77 • 10.44

ಅಳತೆ ನೋಡಿ ತರಿಸಬೇಕಿತ್ತು.

ಹಾರಂಗಿ ಹುಡುಗಿ • 10.46

ಅಳತೆ ನೋಡಿದ್ದೆ. ಗಮ್ ಹಾಕಿದ್ದಾರೆ ಅಂತ ಎಲ್ಲಿ ಬರೆದಿರುತ್ತಾರೆ?

ಮಂಜಿನೂರು • ಡಿಸೆಂಬರ್ 5, ಬೆಳಗ್ಗೆ 6.50

ಹೊಲಿಯಲಿ ಬಿಡಿ. ನಾವು ಚಿಕ್ಕವರಿದ್ದಾಗ ಅಪ್ಪನ ಉಣ್ಣೆ ಕಾಲುಚೀಲವನ್ನೇ ಕಿಟಕಿಯ ಸರಳಿಗೆ ಕಟ್ಟುತ್ತಿದ್ದೆವು. ಬೆಳಗ್ಗೆ ಎದ್ದರೆ ಒಳಗೆ ನೆಲಗಡಲೆ, ಪೆಪ್ಪರ್‌ಮೆಂಟ್, ಒಂದು ಪೆನ್ಸಿಲ್. ಮಡಿಕೇರಿ ಚಳಿಯಲ್ಲಿ ಅಪ್ಪ ಆ ರಾತ್ರಿ ಕಾಲುಚೀಲ ಇಲ್ಲದೆ ಮಲಗುತ್ತಿದ್ದರು ಅಂತ ನನಗೆ ಗೊತ್ತಾದದ್ದು ದೊಡ್ಡವನಾದ ಮೇಲೆ. ಅವರಿಗಿದ್ದದ್ದು ಅದೊಂದೇ ಜೊತೆ.

ಏಲಕ್ಕಿ • 7.15

ಮಂಜಿನೂರು ಅಣ್ಣ, ಓದಿ ಕಣ್ಣು ತುಂಬಿತು.

ಬಟ್ಟೆ ಲೆಕ್ಕ ನಾನು ಹೇಳುತ್ತೇನೆ. ಚಿಕ್ಕ ಮಕ್ಕಳಿಗೆ 12 ಇಂಚು ಎತ್ತರ, ಹಿಮ್ಮಡಿಯಿಂದ ಬೆರಳಿಗೆ 8 ಇಂಚು ಸಾಕು. ಹೊಲಿಗೆಗೆ ಸುತ್ತ ಅರ್ಧ ಇಂಚು ಸೇರಿಸಿದರೆ 13ಕ್ಕೆ 9. 44 ಇಂಚು ಪನ್ನದ, ಅಂದರೆ ಅಗಲದ, ಬಟ್ಟೆಯಲ್ಲಿ ಅಡ್ಡಕ್ಕೆ ನಾಲ್ಕು ತುಂಡು ಬರುತ್ತದೆ. ಒಂದು ಮೀಟರ್ ಅಂದರೆ 39 ಇಂಚು, ಮೂರು ಸಾಲು. ಒಟ್ಟು 12 ತುಂಡು, ಅಂದರೆ 6 ಸ್ಟಾಕಿಂಗ್. ನಿಮ್ಮ 24ಕ್ಕೆ 4 ಮೀಟರ್ ಆಗುತ್ತದೆ. ಮೂರು ಸಾಲಿಗೆ 39 ಸರಿಯಾಗಿ ಮುಗಿಯುವುದರಿಂದ ಕಾಲು ಮೀಟರ್ ಜಾಸ್ತಿ ತೆಗೆದುಕೊಳ್ಳಿ. ಮಡಿಕೇರಿಗೆ ಹೋಗುವುದಿದ್ದರೆ ಶುಕ್ರವಾರದ ಸಂತೆ ದಿನ ಹೋಗಿ, ಕಟ್ ಪೀಸ್ ರಾಶಿಯಲ್ಲಿ ಹುಡುಕಿ.

ಪೇಟೆಬೀದಿ ಟೈಲರ್ • 8.02

ಲೆಕ್ಕ ಸರಿ. ಒಂದು ತುಂಡು ನೆಟ್ಟಗೆ, ಪಕ್ಕದ್ದು ತಲೆಕೆಳಗೆ ಇಟ್ಟರೆ ಇನ್ನೂ ಸ್ವಲ್ಪ ಉಳಿಯುತ್ತದೆ. ಆದರೆ ಬಟ್ಟೆಯ ಮೇಲೆ ಮರ, ನಕ್ಷತ್ರದ ಪ್ರಿಂಟ್ ಇದ್ದರೆ ತಲೆಕೆಳಗೆ ಇಡಬೇಡಿ. ಮಖಮಲ್ ಆದರೂ ಬೇಡ. ಅದರ ರೋಮ ಒಂದೇ ಕಡೆ ಮಲಗಿರುತ್ತದೆ, ತಿರುಗಿಸಿ ಕತ್ತರಿಸಿದರೆ ಎರಡು ತುಂಡು ಎರಡು ಬಣ್ಣ ಕಾಣುತ್ತದೆ.

ಇನ್ನೊಂದು ಮುಖ್ಯ ವಿಷಯ. ಬಟ್ಟೆಯನ್ನು ಸೀದಾಕ್ಕೆ ಸೀದಾ ಮಡಚಿ, ಎರಡು ಪದರ ಒಟ್ಟಿಗೆ ಕತ್ತರಿಸಿ. ಒಂದೊಂದೇ ಕತ್ತರಿಸಿದರೆ ಎರಡೂ ಬಲಗಾಲೇ ಆಗಿಬಿಡುತ್ತದೆ, ಜೊತೆ ಕೂಡುವುದಿಲ್ಲ.

ಬೆಂಗಳೂರಲ್ಲಿರೋ ಕೊಡಗಿನವ • 8.40

ಬಟ್ಟೆ ಕೊಳ್ಳುವುದೇ ಬೇಡ. ಹಳೆ ಮನೆಗಳ ಪೆಟ್ಟಿಗೆಯಲ್ಲಿ ಹಳೆ ಚೇಲೆ ಇರುತ್ತದಲ್ಲ, ಒಳ್ಳೆ ಕೆಂಪು ರೇಷ್ಮೆ, ಜರಿ ಅಂಚು. ಒಂದರಲ್ಲಿ ನಾಲ್ಕು ಸ್ಟಾಕಿಂಗ್ ಬರುತ್ತದೆ.

ಪೊನ್ನಂಪೇಟೆ ಅಜ್ಜಿ • 9.20

ಚೇಲೆ ಕತ್ತರಿಸುತ್ತೀಯಾ ಮಗ? ಕುಪ್ಯದ ಮೇಲೆ, ನಮ್ಮ ಗಂಡಸರ ಉದ್ದ ಕೋಟಿನ ಮೇಲೆ, ಸೊಂಟಕ್ಕೆ ಕಟ್ಟುವುದು ಅದು. ನಮ್ಮ ಮನೆಯಲ್ಲಿರುವ ಚೇಲೆಯನ್ನು ನನ್ನ ಮಾವ ಮದುವೆಗೆ ಕಟ್ಟಿದ್ದರು, ನನ್ನ ಗಂಡ ಕಟ್ಟಿದರು, ಮೊಮ್ಮಗನೂ ಕಟ್ಟಿದ. ಜರಿ ಕಪ್ಪಾಗಿದೆ, ಒಂದು ಕಡೆ ಇಲಿ ಕಡಿದಿದೆ. ಹಾಗಂತ ಅದಕ್ಕೆ ಕತ್ತರಿ ಹಾಕುವುದಾ? ಕೆಂಪು ಬೇಕಾದರೆ ನನ್ನ ಹಳೆ ಸೀರೆ ಎರಡಿದೆ, ಕೊಡುತ್ತೇನೆ.

ಬೆಂಗಳೂರಲ್ಲಿರೋ ಕೊಡಗಿನವ • 9.31

ತಪ್ಪಾಯಿತು ಅಜ್ಜಿ. ಯೋಚನೆ ಮಾಡದೆ ಬರೆದೆ. ನಮ್ಮ ಮನೆಯ ಚೇಲೆ ಎಲ್ಲಿದೆ ಅಂತ ಇವತ್ತೇ ಅಮ್ಮನಿಗೆ ಫೋನ್ ಮಾಡಿ ಕೇಳುತ್ತೇನೆ.

ಕಾಫಿಕಣ • 11.05

ನಾನು ಮೂರು ವರ್ಷದಿಂದ ಗೋಣಿಚೀಲದಲ್ಲಿ ಮಾಡುತ್ತಿದ್ದೇನೆ. 50 ಕೆಜಿ ಚೆರಿ, ಅಂದರೆ ಒಣಗಿಸಿದ ಕಾಫಿ ಹಣ್ಣು, ತುಂಬುವ ಚೀಲ ಹರಿದರೂ ಮಧ್ಯದ ಬಟ್ಟೆ ಗಟ್ಟಿಯೇ ಇರುತ್ತದೆ. ಮೊದಲು ಚೆನ್ನಾಗಿ ಕೊಡವಿ, ಒಗೆದು, ಬಿಸಿಲಿಗೆ ಹಾಕಿ. ಇಲ್ಲವಾದರೆ ಧೂಳು, ನಾರು ಎಲ್ಲ ತಿಂಡಿಗೆ ಅಂಟುತ್ತದೆ. ಗೋಣಿಯ ದೊಡ್ಡ ತೊಂದರೆ ಅಂದರೆ ಕತ್ತರಿಸಿದ ಕೂಡಲೇ ಎಳೆ ಬಿಚ್ಚಿಕೊಳ್ಳುತ್ತದೆ. ಅದಕ್ಕೆ ಪೆನ್ನಿನಿಂದ ಆಕಾರ ಬರೆದು, ಗೆರೆಯ ಮೇಲೆ ಮೊದಲೇ ಎರಡು ಸುತ್ತು ಹೊಲಿದು, ಆಮೇಲೆ ಹೊರಗಡೆಯಿಂದ ಕತ್ತರಿಸಿ. ಒಳಗೆ ಹಳೆ ಪಂಚೆಯ ಲೈನಿಂಗ್ ಕೊಡಿ. ಮಷಿನ್‌ಗೆ 18ನೇ ನಂಬರ್ ಸೂಜಿ ಬೇಕು. ಕೈಹೊಲಿಗೆ ಆದರೆ ದಬ್ಬಣ ಮತ್ತು ಕೆಂಪು ಉಣ್ಣೆ ದಾರ, ನೋಡಲು ಬಹಳ ಚಂದ.

ಏಲಕ್ಕಿ • 11.20

ಲೈನಿಂಗ್ ಮಾಡುವಾಗ ಅದನ್ನು ಒಂದು ನೂಲು ಚಿಕ್ಕದಾಗಿ ಹೊಲಿಯಿರಿ. ಒಂದೇ ಅಳತೆ ಆದರೆ ಒಳಗೆ ಮುದ್ದೆಯಾಗುತ್ತದೆ.

ಗೋಣಿಕೊಪ್ಪ 77 • 11.48

ಗೋಣಿ ಬೇಕಾದರೆ ನನ್ನ ಗೋಡೌನ್‌ನಲ್ಲಿ ಹರಿದ ಚೀಲ 40ರ ಮೇಲೆ ಇದೆ. ಸುಂಟಿಕೊಪ್ಪ ಕಡೆ ಬರುವ ಜೀಪಿನಲ್ಲಿ ಕಳಿಸುತ್ತೇನೆ. ಈಗಲೂ ನನ್ನ ಪ್ರಕಾರ ರೆಡಿಮೇಡ್ ತರಿಸುವುದೇ ಸುಲಭ.

ಸುಂಟಿಕೊಪ್ಪದ ಸೂಜಿ • 12.10

ಕಳಿಸಿ ಅಣ್ಣ, ಖಂಡಿತ ಬೇಕು! ಅಜ್ಜಿ, ನಿಮ್ಮ ಸೀರೆಗೂ ಕೈ ಮುಗಿದೆ. ಅರ್ಧ ಗೋಣಿ, ಅರ್ಧ ಕೆಂಪು ಮಾಡುತ್ತೇನೆ.

ಹಾರಂಗಿ ಹುಡುಗಿ • 12.30

ಹಳೆ ಸ್ವೆಟರ್ ಯಾರೂ ಹೇಳಲಿಲ್ಲವಲ್ಲ? ಬಿಸಿ ನೀರು, ಸೋಪು ಹಾಕಿ ಚೆನ್ನಾಗಿ ತಿಕ್ಕಿದರೆ ಸ್ವೆಟರ್ ಕುಗ್ಗಿ ಫೆಲ್ಟ್ ಬಟ್ಟೆಯ ಹಾಗೆ ಆಗುತ್ತದೆ. ಆಮೇಲೆ ಕತ್ತರಿಸಿದರೆ ಎಳೆ ಬಿಚ್ಚುವುದಿಲ್ಲ. ತೋಳನ್ನು ಕತ್ತರಿಸಿದರೆ ಅರ್ಧ ಸ್ಟಾಕಿಂಗ್ ಆದ ಹಾಗೇ.

ಕಾಫಿಕಣ • 12.41

ನಾನು ಮಾಡಿದ್ದೆ, ಏನೂ ಆಗಲಿಲ್ಲ. ಎರಡು ಸಲ ಕುದಿಸಿದೆ.

ಹಾರಂಗಿ ಹುಡುಗಿ • 12.44

ನಿಮ್ಮದು ಅಕ್ರಿಲಿಕ್ ಇರಬೇಕು. ಉಣ್ಣೆಯಾದರೆ ಮಾತ್ರ ಹಾಗೆ ಕುಗ್ಗುವುದು. ಒಂದು ಎಳೆ ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿ ಹಾಗೆ ಆದರೆ ಅಕ್ರಿಲಿಕ್.

ಕಾಫಿಕಣ • 1.15

ಸುಟ್ಟು ನೋಡಿದೆ. ಮಣಿ.

ಮಂಜಿನೂರು • 1.30

ಹಾಗಾದರೆ ಕಂಬಳಿ ತೆಗೆದುಕೊಳ್ಳಿ. ಹರಿದ ಕರಿ ಕಂಬಳಿ ಎಲ್ಲರ ಮನೆಯಲ್ಲೂ ಇದೆ. ಅಂಚಿಗೆ ಕೆಂಪು ದಾರದಲ್ಲಿ ಕೈಹೊಲಿಗೆ ಹಾಕಿದರೆ ಸಾಕು, ತಿರುಗಿಸುವ ಕೆಲಸವೂ ಇಲ್ಲ.

ಸುಂಟಿಕೊಪ್ಪದ ಸೂಜಿ • ಡಿಸೆಂಬರ್ 8, ಸಂಜೆ 5.20

ಪಟ್ಟಿ ಸರಿಯಾಗಿ ಬಂತು! ಒಳಗೆ ಇಳಿಸಿ ಹೊಲಿದು ಹೊರಕ್ಕೆ ಮಡಚಿದಾಗ ಅಂಚೆಲ್ಲ ಮಾಯ. ಅತ್ತೆ ಕೈಯಲ್ಲಿ ಹಿಡಿದು ಒಳಗೆ ಹೊರಗೆ ತಿರುಗಿಸಿ ನೋಡಿ "ಅಂಗಡಿಯದ್ದಾ?" ಅಂತ ಕೇಳಿದರು. ಆರು ಮುಗಿದಿದೆ.

ಆದರೆ ಹೊಸ ತೊಂದರೆ. ಮೊದಲ ದಿನ ಹೊಲಿದ ಕೆಂಪು ಕಾಟನ್ ಸ್ಟಾಕಿಂಗ್ ಮೇಲೆ ಚಹಾ ಚೆಲ್ಲಿತು ಅಂತ ಒಗೆದೆ. ಬಿಳಿ ಪಟ್ಟಿ ಪೂರ್ತಿ ಗುಲಾಬಿ ಆಯಿತು.

ಪೊನ್ನಂಪೇಟೆ ಅಜ್ಜಿ • 5.41

ಕಲ್ಲುಪ್ಪು ಹಾಕಿದ ನೀರಿನಲ್ಲಿ ರಾತ್ರಿ ನೆನೆಸು, ಬಣ್ಣ ನಿಲ್ಲುತ್ತದೆ.

ಪೇಟೆಬೀದಿ ಟೈಲರ್ • 6.10

ಅಜ್ಜಿ, ನಿಮ್ಮ ಮಾತಿಗೆ ಎದುರು ಹೇಳುತ್ತಿದ್ದೇನೆ ಅಂತ ಬೇಜಾರು ಮಾಡಿಕೊಳ್ಳಬೇಡಿ. ಉಪ್ಪು ಕೆಲಸ ಮಾಡುವುದು ಬಣ್ಣ ಹಾಕುವ ಸಮಯದಲ್ಲಿ, ಬಟ್ಟೆಗೆ ಬಣ್ಣ ಹಿಡಿಯಲಿ ಅಂತ ಹಾಕುತ್ತಾರೆ. ಬಣ್ಣ ಹಾಕಿ ಮುಗಿದು ಅಂಗಡಿಗೆ ಬಂದ ಬಟ್ಟೆಗೆ ಉಪ್ಪು ಹಾಕಿ ಪ್ರಯೋಜನ ಇಲ್ಲ. ಹೆಚ್ಚಾದ ಬಣ್ಣ ಹೋಗುವವರೆಗೆ, ಕತ್ತರಿಸುವ ಮೊದಲೇ, ಎರಡು ಮೂರು ಸಲ ಒಗೆಯಬೇಕು. ಕಾಟನ್ ಕುಗ್ಗುವುದೂ ಅಲ್ಲಿಗೇ ಮುಗಿಯುತ್ತದೆ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ, ಕೆಂಪು ಹತ್ತದಿದ್ದರೆ ಹೊಲಿಯಿರಿ.

ಪೊನ್ನಂಪೇಟೆ ಅಜ್ಜಿ • 6.25

ನಾನು 50 ವರ್ಷ ಉಪ್ಪು ಹಾಕಿದ್ದೇನೆ.

ಪೇಟೆಬೀದಿ ಟೈಲರ್ • 6.28

ಆ ಸಲವೇ ಹೆಚ್ಚಿನ ಬಣ್ಣ ಹೋಗಿರುತ್ತದೆ ಅಜ್ಜಿ, ಅದಕ್ಕೇ ಆಮೇಲೆ ನಿಂತ ಹಾಗೆ ಕಾಣುವುದು.

ಬೆಂಗಳೂರಲ್ಲಿರೋ ಕೊಡಗಿನವ • 8.00

ಒಂದು ಪ್ರಶ್ನೆ. ಈ ಸ್ಟಾಕಿಂಗ್ ಎಲ್ಲ ಬ್ರಿಟಿಷ್ ಪ್ಲಾಂಟರ್‌ಗಳು ತಂದದ್ದಾ? ಹಳೆ ಬಂಗಲೆಗಳಲ್ಲಿ ಬೆಂಕಿಗೂಡು ಇರುತ್ತದೆ, ಅಲ್ಲಿ ತೂಗುಹಾಕುತ್ತಿದ್ದರು ಅಲ್ವಾ? ನಮಗೆ ಇದು ಬೇಕಾ ಅಂತ ಕೆಲವರು ಕೇಳುತ್ತಾರೆ.

ಕಿತ್ತಳೆಮರ • 8.35

ಕೊಡಗಿನಲ್ಲಿ ಕ್ರಿಸ್ಮಸ್ ಬ್ರಿಟಿಷ್ ಪ್ಲಾಂಟರ್‌ಗಳಿಗಿಂತ ಹಳೆಯದು. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚ್ ಶುರುವಾದದ್ದು 1792ರಲ್ಲಿ, ರಾಜ ದೊಡ್ಡ ವೀರರಾಜೇಂದ್ರರ ಕಾಲದಲ್ಲಿ. ಇಂಗ್ಲಿಷರು ಕೊಡಗನ್ನು ವಶ ಮಾಡಿಕೊಂಡದ್ದು 1834ರಲ್ಲಿ. ನಮ್ಮ ಹಿರಿಯರ ಕ್ರಿಸ್ಮಸ್ ಅಂದರೆ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ), ನಕ್ಷತ್ರ ದೀಪ, ಕುಸ್ವಾರ್ ಎಂಬ ಹಬ್ಬದ ತಿಂಡಿಗಳು. ಸ್ಟಾಕಿಂಗ್ ಆಮೇಲೆ ಸೇರಿಕೊಂಡಿತು, ಅದು ನಿಜ.

ಆದರೆ ಅದರ ಹಿಂದಿನ ಕಥೆ ನಮಗೂ ಹತ್ತಿರದ್ದೇ. ನಾಲ್ಕನೇ ಶತಮಾನದಲ್ಲಿ ಮೈರಾ ಎಂಬ ಊರಿನಲ್ಲಿ, ಅದು ಈಗಿನ ಟರ್ಕಿಯಲ್ಲಿದೆ, ನಿಕೋಲಾಸ್ ಎಂಬ ಬಿಷಪ್ ಇದ್ದರು. ಒಬ್ಬ ಬಡವನಿಗೆ ಮೂವರು ಹೆಣ್ಣುಮಕ್ಕಳು, ಮದುವೆ ಮಾಡಲು ಕಾಸಿಲ್ಲ. ನಿಕೋಲಾಸ್ ರಾತ್ರಿ ಯಾರಿಗೂ ಕಾಣದ ಹಾಗೆ ಬಂಗಾರ ಎಸೆದರಂತೆ, ಅದು ಒಣಗಲು ಹಾಕಿದ್ದ ಕಾಲುಚೀಲದೊಳಗೆ ಬಿತ್ತಂತೆ. ಆ ಬಂಗಾರದ ನೆನಪಿಗೆ ಸ್ಟಾಕಿಂಗಿನ ಬೆರಳಿನ ತುದಿಗೆ ಕಿತ್ತಳೆ ಹಾಕುತ್ತಾರೆ. ಡಿಸೆಂಬರ್ 6 ಅವರ ಹಬ್ಬ.

ಹೊರದೇಶದವರು ಕಿತ್ತಳೆಯನ್ನು ಅಂಗಡಿಯಿಂದ ತಂದು ಹಾಕುತ್ತಾರೆ. ನಮಗೆ ಮನೆ ಹಿತ್ತಲಲ್ಲೇ ಇದೆ. 2006ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದ ಕೊಡಗಿನ ಕಿತ್ತಳೆ! ಸುಂಟಿಕೊಪ್ಪದ ಅಕ್ಕ, ಪೇಟೆ ಹಣ್ಣು ತರಬೇಡಿ. ನಮ್ಮ ತೋಟದಲ್ಲಿ ಅಪ್ಪನ ಕಾಲದಲ್ಲಿ ಕಾಫಿ ನಡುವೆ ಸಾಲು ಸಾಲು ಕಿತ್ತಳೆ ಇತ್ತು. ರೋಗ ಬಂದು ಒಂದೊಂದೇ ಒಣಗಿ ಈಗ ಏಳು ಮರ ಉಳಿದಿದೆ. ಅದರಲ್ಲಿ 24 ಹಣ್ಣು ನಾನು ಕೊಡುತ್ತೇನೆ. ಸಿಪ್ಪೆ ಸ್ವಲ್ಪ ಹಸಿರು ಹಳದಿ ಇರುತ್ತದೆ, ಕಾಯಿ ಅಂತ ಅಂದುಕೊಳ್ಳಬೇಡಿ.

ಸುಂಟಿಕೊಪ್ಪದ ಸೂಜಿ • 8.50

ಕಥೆ ನನಗೆ ಗೊತ್ತೇ ಇರಲಿಲ್ಲ. ಮಕ್ಕಳಿಗೆ ಅವತ್ತು ಇದನ್ನೇ ಹೇಳುತ್ತೇನೆ. ಹಣ್ಣಿಗೆ ನಾನೇ ಬರುತ್ತೇನೆ ಅಕ್ಕ, ನಿಮ್ಮ ಮರಗಳನ್ನೂ ನೋಡಬೇಕು.

ಗೋಣಿಕೊಪ್ಪ 77 • 9.05

ಲೈನ್ ಮನೆಯಲ್ಲಿ ಎಲ್ಲರೂ ಕ್ರಿಶ್ಚಿಯನ್ನರಾ? ಅಸ್ಸಾಂನವರು, ತಮಿಳರು, ಯರವರು ಎಲ್ಲ ಇರುತ್ತಾರಲ್ಲ. ಯಾರಾದರೂ ಬೇಡ ಅಂದರೆ?

ಸುಂಟಿಕೊಪ್ಪದ ಸೂಜಿ • 9.14

ಎಲ್ಲರೂ ಅಲ್ಲ ಅಣ್ಣ. ಮನೆ ಮನೆಗೆ ಹೋಗಿ ತಾಯಂದಿರನ್ನು ಕೇಳಿಯೇ ಶುರು ಮಾಡಿದೆ. ಯಾರೂ ಬೇಡ ಅನ್ನಲಿಲ್ಲ. ಪುತ್ತರಿ ಸುಗ್ಗಿ ಹಬ್ಬಕ್ಕೆ ಪಕ್ಕದ ಮನೆಯಿಂದ ನಮಗೆ ತಂಬಿಟ್ಟು ಬರುತ್ತದೆ, ನಾವು ತಿನ್ನುವುದಿಲ್ಲವಾ?

ಹಾರಂಗಿ ಹುಡುಗಿ • 9.20

ಕುಸ್ವಾರ್ ಹಾಕುವುದಾದರೆ ಕಲ್‌ಕಲ್, ರೋಸ್ ಕುಕಿ ಎಲ್ಲ ಮುಚ್ಚಿದ ಪೊಟ್ಟಣದಲ್ಲಿ ಹಾಕಿ. ಹೋದ ಸಲ ನಾನು ಹಿಂದಿನ ರಾತ್ರಿಯೇ ತುಂಬಿಸಿ ತೂಗುಹಾಕಿದ್ದೆ. ಬೆಳಗ್ಗೆ ಮೊಳೆಯಿಂದ ಬೆರಳಿನ ತುದಿವರೆಗೆ ಕೆಂಪಿರುವೆ ಸಾಲು.

ಕಾಫಿಕಣ • 9.26

ಕೇಕಿನ ಹಣ್ಣು ಯಾರೆಲ್ಲ ನೆನೆಹಾಕಿದ್ದೀರಿ? ನಾನು ಈ ವರ್ಷ ಮನೆಯ ದ್ರಾಕ್ಷಿ ವೈನಿನಲ್ಲಿ ಹಾಕಿದ್ದೇನೆ.

ಮಂಜಿನೂರು • 9.30

ನವೆಂಬರ್‌ನಲ್ಲೇ ಹಾಕಿದೆವು. ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ಮಾತಾಡೋಣ.

ಏಲಕ್ಕಿ • 9.33

ಸಿದ್ದಾಪುರ ಕಡೆ ಈ ಸಲ ಕ್ಯಾರಲ್ಸ್ ತಂಡ ಕತ್ತಲಾಗುವ ಮೊದಲೇ ಮನೆ ಮುಗಿಸುತ್ತದಂತೆ. ಆನೆ ತೋಟದಲ್ಲೇ ಇದೆ. ಸುಂಟಿಕೊಪ್ಪದ ಅಕ್ಕ, ನೀವೂ ಹಂಚುವುದನ್ನು ಹಗಲಲ್ಲೇ ಇಟ್ಟುಕೊಳ್ಳಿ.

ಸುಂಟಿಕೊಪ್ಪದ ಸೂಜಿ • ಡಿಸೆಂಬರ್ 15, ರಾತ್ರಿ 10.00

17 ಆಯಿತು. ಗೋಣಿಯಲ್ಲಿ ಹೊಲಿಯುವಾಗ ಮೂರು ಸೂಜಿ ಮುರಿಯಿತು. ಆಮೇಲೆ 18ನೇ ನಂಬರ್ ತಂದು ಹಾಕಿದೆ, ಪೆಡಲ್ ನಿಧಾನ ತುಳಿದೆ, ಸರಿಹೋಯಿತು. ಈಗ ತೂಗುಹಾಕುವ ಕುಣಿಕೆ ಎಲ್ಲಿ ಹೊಲಿಯಬೇಕು? ಮಧ್ಯದಲ್ಲಿ ಇಟ್ಟರೆ ಬೆರಳಿನ ಕಡೆ ವಾಲುತ್ತದೆ.

ಪೇಟೆಬೀದಿ ಟೈಲರ್ • 10.12

ಹಿಮ್ಮಡಿ ಕಡೆಯ ಹೊಲಿಗೆಯಲ್ಲಿ. ಆರು ಇಂಚು ಪಟ್ಟಿ ಅರ್ಧಕ್ಕೆ ಮಡಚಿ, ಬಿಳಿ ಪಟ್ಟಿ ಸೇರಿಸುವಾಗಲೇ ನಡುವೆ ಸಿಕ್ಕಿಸಿ, ಅಲ್ಲಿ ಹಿಂದೆ ಮುಂದೆ ಮೂರು ಸಲ ಹೊಲಿಯಿರಿ. ಪೂರ್ತಿ ಭಾರ ಅದರ ಮೇಲೇ ನಿಲ್ಲುತ್ತದೆ.

ಪೊನ್ನಂಪೇಟೆ ಅಜ್ಜಿ • 10.20

ಹಬ್ಬ ಆದಮೇಲೆ ಬಿಸಿಲಿಗೆ ಹಾಕಿ, ಪೂರ್ತಿ ಒಣಗಿಸಿ ತೆಗೆದಿಡಲು ಹೇಳು. ಜೂನ್ ಮಳೆ ಹಿಡಿದರೆ ಗೋಣಿಗೂ ಕಂಬಳಿಗೂ ಬೂಸ್ಟು ಬರುತ್ತದೆ. ಅಟ್ಟದ ಮೇಲೆ, ಒಲೆಯ ಹೊಗೆ ತಾಗುವ ಕಡೆ ಇಟ್ಟರೆ ಒಳ್ಳೆಯದು.

ಸುಂಟಿಕೊಪ್ಪದ ಸೂಜಿ • ಡಿಸೆಂಬರ್ 26, ಬೆಳಗ್ಗೆ 11.15

ನಿನ್ನೆ ಕೊಟ್ಟೆ. 24 ಅಲ್ಲ, 26. ಎರಡು ದಿನದ ಹಿಂದೆ ಕೊಯ್ಲಿಗೆ ಅಂತ ಒಂದು ಹೊಸ ಕುಟುಂಬ ಬಂತು, ಇಬ್ಬರು ಹೆಣ್ಣುಮಕ್ಕಳು. ರಾತ್ರಿ ಕೂತು ಕಂಬಳಿಯಲ್ಲಿ ಎರಡು ಹೊಲಿದೆ, ಕಿತ್ತಳೆಮರ ಅಕ್ಕ ಎರಡು ಹಣ್ಣು ಜಾಸ್ತಿಯೇ ಕೊಟ್ಟಿದ್ದರು.

ಕಣದಲ್ಲಿ ಹಗ್ಗ ಕಟ್ಟಿ ಸಾಲಾಗಿ ತೂಗುಹಾಕಿದ್ದೆವು. ಎಲ್ಲದರ ಮೇಲೂ ಹೆಸರು ಹೊಲಿದಿದ್ದೆ. ಒಬ್ಬ ಚಿಕ್ಕ ಹುಡುಗ ತನ್ನ ಹೆಸರಿನ ಅಕ್ಷರದ ಮೇಲೆ ಬೆರಳಾಡಿಸುತ್ತಾ ನಿಂತುಬಿಟ್ಟ, ಒಳಗೆ ಕೈಯೇ ಹಾಕಲಿಲ್ಲ. ಅವನಮ್ಮ ಬಂದು ಹಣ್ಣು ತೆಗೆದುಕೊಟ್ಟ ಮೇಲೆ ತಿಂದ. ಹೊಸದಾಗಿ ಬಂದ ಹುಡುಗಿಯರು ಸ್ಟಾಕಿಂಗನ್ನು ಕಾಲಿಗೆ ಹಾಕಿಕೊಂಡು ಓಡಾಡಿದರು, ಚಳಿ ಇತ್ತಲ್ಲ. ಕಂಬಳಿಯದ್ದು ಒಂದೊಂದೇ ಇದ್ದುದರಿಂದ ಇಬ್ಬರೂ ಒಂದೊಂದು ಕಾಲಿಗೆ.

ಗೋಣಿಕೊಪ್ಪ 77 • 11.40

ಬಹಳ ಖುಷಿಯಾಯಿತು. ಮುಂದಿನ ವರ್ಷ ನಮ್ಮ ಲೈನ್‌ನಲ್ಲಿ 31 ಮಕ್ಕಳು. ನವೆಂಬರ್ ಮೊದಲೇ ಶುರು ಮಾಡಬೇಕು ಅನ್ನಿಸುತ್ತಿದೆ. ಪೇಪರ್ ಅಳತೆ ಕಳಿಸುತ್ತೀರಾ?

ಸುಂಟಿಕೊಪ್ಪದ ಸೂಜಿ • 11.52

ಗೋಣಿ ಬಂದ ಜೀಪಿನಲ್ಲೇ ಕಳಿಸುತ್ತೇನೆ ಅಣ್ಣ. ಜೊತೆಗೆ ಆ ಹುಡುಗಿಯರಿಗೆ ಇನ್ನೊಂದೊಂದು ಹೊಲಿಯುತ್ತಿದ್ದೇನೆ, ಕಂಬಳಿ ತುಂಡು ಉಳಿದಿದೆ. ಪೇಟೆಬೀದಿ ಅಣ್ಣ, ನಿಜವಾಗಿ ಕಾಲಿಗೆ ಹಾಕುವುದಾದರೆ ಹಿಮ್ಮಡಿ ಕಡೆ ಎಷ್ಟು ಸಡಿಲ ಬಿಡಬೇಕು?

ಪೇಟೆಬೀದಿ ಟೈಲರ್ • 12.05

ಕಾಲಿನ ಅಳತೆ ಕಳಿಸಿ, ಹೇಳುತ್ತೇನೆ.